ಮುಚ್ಚಳ

ಅದೇ ಜಾಗ, ದಿನವೂ ಅದೇ ಜಾಗ, ಎನ್ನುತ್ತಾಳೆ ನಿಗ್ಸ್ತಿ.
ಮನೆಯಿಂದ ಹೊರಟು, ಬೇಕರಿ ದಾಟಿ,
ಎಂಡಾ ಮರಿಯಮ್ ಇಗರ್ಜಿಯ ಗೋಡೆ ಮುಗಿಯುವ ಮೊದಲೇ
ಕೆಮ್ಮಿ, ಒದರಿ, ನಿಂತುಬಿಡುತ್ತದೆ.
ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ
ಏನೂ ಆಗಲಿಲ್ಲವೆಂಬಂತೆ ಮತ್ತೆ ಶುರು.
ನಾಲ್ಕು ತಿಂಗಳಲ್ಲಿ ಆ ಮೂಲೆಯ ಅಂಗಡಿಯವನಿಗೆ
ಇವಳು ಕಾಫಿಗೆ ಸುರಿದದ್ದು ಒಂದು ಟೈರಿನ ದುಡ್ಡು.

ನನಗಿಂತ ಮೊದಲು ಮೂವರು ನೋಡಿದ್ದಾರೆ.
ಒಬ್ಬ ಪ್ಲಗ್ ಬದಲಿಸಿದ. ಇನ್ನೊಬ್ಬ ಕಾರ್ಬುರೇಟರನ್ನೇ.
ಮೂರನೆಯವ ಆಕಾಶ ತೋರಿಸಿ,
ಅಸ್ಮರಾ ಎತ್ತರದ ಊರು, ಗಾಳಿ ತೆಳು,
ಮಸ್ಸಾವಾದ ಕಡಲ ದಂಡೆಯಲ್ಲಾದರೆ ಓಡೀತು ಅಂದನಂತೆ.
ಹಾಗಾದರೆ ದಿನಾ ಕಡಲಿಗಿಳಿದು ಕೆಲಸಕ್ಕೆ ಹೋಗಲೇ,
ಕೇಳಿದ್ದಾಳೆ. ಆಸ್ಪತ್ರೆಯ ಬಟ್ಟೆ ಒಗೆಯುವವಳು, ರಾತ್ರಿ ಪಾಳಿ.
ನಾಲಗೆಗೆ ಮಾತ್ರ ಸೋಪು ತಾಕಿಲ್ಲ.

ಸ್ಕೂಟರು ಅರವತ್ತೆರಡರದ್ದು, ಅವಳಪ್ಪ ಗೆಬ್ರೆಝ್ಗಿಯದು.
ಅಪ್ಪ ಈಗಿಲ್ಲ. ಕೆರೆದಲ್ಲೆಲ್ಲ
ಹಸಿರಿನ ಕೆಳಗೆ ಮತ್ತೊಂದು ಹಸಿರು.

ನಾನು ಮೊದಲು ಏನನ್ನೂ ಬಿಚ್ಚುವುದಿಲ್ಲ. ಕೂರುತ್ತೇನೆ.
ಪಂಪಿಲ್ಲ ಗಿಂಪಿಲ್ಲ,
ಮೇಲಿನಿಂದ ಕೆಳಕ್ಕೆ ಇಳಿಯುವುದಷ್ಟೇ
ಈ ಪೆಟ್ರೋಲಿಗೆ ಗೊತ್ತಿರುವ ವಿದ್ಯೆ.
ಇಳಿಯಲಿಲ್ಲವೆಂದರೆ ಯಾರೋ ತಡೆದಿದ್ದಾರೆ.

ಪೈಪು ಕಳಚಿ, ಟೊಮೆಟೊ ಡಬ್ಬ ಹಿಡಿದು,
ನಲ್ಲಿ ತಿರುವೋ ಅಂದೆ ಹುಡುಗ ಸೆನಾಯ್‌ಗೆ.
ಬಂತು. ಬೆರಳು ದಪ್ಪ, ಎಣ್ಣೆ ಬೆರೆತ ನೀಲಿ.
ಬರ್ತಿದೆಯಲ್ಲ, ಅಂದ ಅವನು.
ಎಲ್ಲರೂ ಇಲ್ಲಿಗೇ ಎದ್ದು ಕೈ ಒರೆಸಿಕೊಳ್ಳುತ್ತಾರೆ.
ನಾನು ಹಿಡಿದೇ ಇದ್ದೆ, ಮೊಣಕಾಲು ಜೋಮು ಹಿಡಿಯುವ ತನಕ.
ಬೆರಳು ಕಡ್ಡಿಯಾಯಿತು, ಕಡ್ಡಿ ದಾರವಾಯಿತು,
ದಾರ ಹರಿದು ಹನಿ.
ಹನಿ ಹನಿಯ ನಡುವೆ
ಒಂದು ಬೈಗುಳ ಪೂರ್ತಿ ಬೈಯುವಷ್ಟು ಹೊತ್ತು.
ಟ್ಯಾಂಕು ನೋಡಿದರೆ ಮುಕ್ಕಾಲು.
ತುಂಬಿದ ಕಣಜದಡಿ ಉಪವಾಸ.

ನನ್ನ ಬಲಗಿವಿ ಸತ್ತು ಕಾಲವಾಯಿತು.
ಮುಚ್ಚಳ ಸಡಿಲಿಸಿದಾಗ ಅವಳೇ ಅಂದಳು: ಕೇಳಿತಾ?
ನೀರಲ್ಲಿ ಮುಳುಗಿದ್ದವರು ತಲೆಯೆತ್ತಿದ ಹಾಗೆ ಎಳೆದುಕೊಂಡಿತು.
ಧಾರೆ ಮತ್ತೆ ಬೆರಳು ದಪ್ಪ. ಸೆನಾಯ್‌ನ ಅಂಗಿ ತೊಪ್ಪೆ.

ಮುಚ್ಚಳದ ನೆತ್ತಿಯಲ್ಲಿ ಒಂದು ಸೂಜಿತೂತು ಇರಬೇಕು,
ಹನಿ ಇಳಿದಷ್ಟು ಗಾಳಿ ಒಳಗೆ ಬರಲು.
ಕೊಳೆ ಕಟ್ಟಿದೆಯೆಂದು ತಂತಿಯಿಂದ ಮೀಟಿದೆ. ತಂತಿ ಬಾಗಿತು.
ಕೊಳೆಯಲ್ಲ. ತವರದ ಬೆಸುಗೆ,
ತೊಗರಿಬೇಳೆಯಷ್ಟು, ಉಜ್ಜಿ ನಯ ಮಾಡಿದ್ದು.

ಅಪ್ಪನದೇ ಕೆಲಸ, ಅಂದಳು. ಪೆಟ್ರೋಲಿಗೆ ಚೀಟಿ ಇದ್ದ ವರ್ಷಗಳು.
ವಾಸನೆ ಬಂದರೂ ಎದ್ದು ಕೂರುತ್ತಿದ್ದ ರಾತ್ರಿ:
ಆವಿಯಾಗಿ ಹೋಗ್ತಿರೋದು ಯಾರಪ್ಪನ ಗಂಟು?

ಮತ್ತೆ ಅವನ ಕಾಲದಲ್ಲಿ ಹೇಗೆ ಓಡಿತು?
ಮುಚ್ಚಳದಡಿಯ ರಬ್ಬರು ಮುಟ್ಟಿ ನೋಡಿದೆ. ಕಪ್ಪಗೆ, ಮೆತ್ತಗೆ, ಹೊಚ್ಚ ಹೊಸತು.
ಇದನ್ನು ಯಾವಾಗ ಹಾಕಿಸಿದೆ?
ನಾಲ್ಕು ತಿಂಗಳಾಯಿತು. ಹಳೆಯದು ಬಿರುಕು ಬಿಟ್ಟಿತ್ತು,
ಅಪ್ಪನ ಗಾಡಿಯಲ್ಲವೇ ಅಂತ...
ಮಾತು ಅಲ್ಲಿಗೇ ಬಿಟ್ಟಳು.
ಆ ಬಿರುಕಿನಲ್ಲೇ ತಾಯಿ, ಅದು ಇಷ್ಟು ವರ್ಷ ಉಸಿರಾಡಿದ್ದು.

ಎಲ್ಲಕ್ಕಿಂತ ಸಣ್ಣ ಡ್ರಿಲ್ಲು ಹುಡುಕಿ, ಕೈಯಲ್ಲೇ ತಿರುಗಿಸಿದೆ.
ತವರದ ಒಂದು ಸುರುಳಿ ಎದ್ದು ಬಂತು, ಹೊಳೆಯುತ್ತ.
ಅವಳು ಎತ್ತಿಟ್ಟುಕೊಂಡಾಳು ಅಂದುಕೊಂಡೆ. ಊದಿ ಹಾರಿಸಿದಳು.
ಇನ್ನು ರಾತ್ರಿ ಮನೆ ತುಂಬ ವಾಸನೆ ಬರುತ್ತಲ್ಲ?
ಸ್ವಲ್ಪ ಬರುತ್ತದೆ. ಬರಲಿ ಬಿಡು.
ಒಂದು ತೂತಿಗೆ ಇಷ್ಟು ನಕ್ಫಾ ಯಾಕೆ, ಚೌಕಾಸಿ ಶುರು.
ತೂತಿಗಲ್ಲ, ಮೊಣಕಾಲಿಗೆ ಅಂದೆ. ಅರ್ಧ ಕೊಟ್ಟಳು.

ಸ್ಕೂಟರು ಬೇಕರಿಯ ತಿರುವಿನಲ್ಲಿ ಮರೆಯಾಯಿತು.
ಎಡಗಿವಿ ಆ ಕಡೆ ಮಾಡಿ ನಿಂತೆ.
ಇಗರ್ಜಿ ದಾಟಿತೇನೋ?
ಸೆನಾಯ್ ಒದ್ದೆ ಅಂಗಿ ಬಿಚ್ಚಿ ಒಣಹಾಕುತ್ತಿದ್ದಾನೆ,
ಬಾಯಲ್ಲಿ ಬನ್ನು. ತಾಳಿ, ಅನ್ನುತ್ತಾನೆ,
ನುಂಗಿ ಹೇಳ್ತೇನೆ.